ಮದ್ದಿನ ವಿದ್ಯೆಗೆ ಮಕ್ಕಳನ್ನು ಕಳುಹಿಸುವ ಮುನ್ನ

ಪದವಿಪೂರ್ವ ದ್ವಿತೀಯ ವರ್ಷದ ಫಲಿತಾಂಶ, ಸಿಇಟಿ, ನೀಟ್ ಎಂದು ಒಂದರ ಹಿಂದೆ ಒಂದು ಪ್ರಕಟಣೆಗಳು ಹೊರಬೀಳುವ ತಿಂಗಳುಗಳಲ್ಲಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಮ್ಮ ಮನೆಗಳಲ್ಲಿ ಬಹುತೇಕ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ವಿಜ್ಞಾನ ವಿಭಾಗದಲ್ಲಿ ಕಲಿತ ಮಗಳಿಗೆ ವೈದ್ಯಕೀಯ ಸೀಟು ದೊರೆಯುವಷ್ಟು ಅಂಕಗಳಿಲ್ಲ. ಇಂಜಿನಿಯರಿಂಗ್ ಕಡೆಗೆ ಅವಳ ಮನಸ್ಸಿಲ್ಲ. ನರ್ಸಿಂಗ್‌ಗೆ ಅಕ್ಕ ಈಗಾಗಲೇ ಹೋಗಿದ್ದಾಳೆ. ಆಗ ಕೊಲ್ಲಿ ರಾಷ್ಟ್ರದಿಂದ ರಜೆಯಲ್ಲಿ ಬಂದ ಬಂಧುವೋ, ವಾಳೆಯ ಗುರಿಕಾರರೋ “ಫಾರ್ಮಸಿಗೆ ಹಾಕಿ, ಕೆಲಸಕ್ಕೆ ತೊಂದರೆಯಿಲ್ಲ” ಎನ್ನುತ್ತಾರೆ. ಮರುವಾರ ಯಾವುದೋ ಕಾಲೇಜಿನ ಬಣ್ಣದ ಕರಪತ್ರ ಹಿಡಿದ ಏಜೆಂಟರು ಚಾವಡಿಯಲ್ಲಿ ಕುಳಿತಿರುತ್ತಾರೆ.

ಸಲಹೆ ಕೆಟ್ಟದ್ದೇನೂ ಅಲ್ಲ. ಆದರೆ ಫಾರ್ಮಸಿ ಎಂಬ ಒಂದೇ ಹೆಸರಿನ ಅಡಿಯಲ್ಲಿ ಮೂರು ಬೇರೆ ಬೇರೆ ವ್ಯಾಸಂಗಗಳಿವೆ, ಅವು ಮೂರು ಬೇರೆ ಬೇರೆ ಜೀವನಗಳಿಗೆ ಒಯ್ಯುತ್ತವೆ ಎಂಬುದನ್ನು ಅರಿಯದೆ ನಾವು ಮೊದಲು ಕಾಲೇಜನ್ನು ಗೊತ್ತುಮಾಡಿ, ಬಳಿಕ ಅಲ್ಲಿ ಸಿಕ್ಕಿದ ಕೋರ್ಸಿಗೆ ಮಕ್ಕಳನ್ನು ಸೇರಿಸುತ್ತೇವೆ. ಈ ಕ್ರಮ ತಲೆಕೆಳಗಾದುದು. ಮಗು ಮುಂದೆ ಮಾಡಬೇಕೆಂದಿರುವ ಕೆಲಸ ಯಾವುದು ಎಂಬುದು ಮೊದಲು ನಿಶ್ಚಯವಾಗಲಿ. ಅದಕ್ಕೆ ತಕ್ಕ ಕೋರ್ಸು ಎರಡನೆಯದು. ಆ ಕೋರ್ಸಿಗೆ ಮಾನ್ಯತೆಯುಳ್ಳ ಕಾಲೇಜು ಕೊನೆಯದು. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳು ಹಳದಿ ಎಲೆ ರೋಗದಿಂದ ಸೊರಗಿರುವ ಈ ಕಾಲದಲ್ಲಿ ತಪ್ಪು ಆಯ್ಕೆಗೆ ತೆರಲು ನಮ್ಮ ಕೃಷಿಕ ಕುಟುಂಬಗಳ ಕೈಯಲ್ಲಿ ಎರಡನೆಯ ಬಾರಿಗೆ ಹಣವಿಲ್ಲ.

“ಫಾರ್ಮಸಿ ಅಂದರೆ ಮೆಡಿಕಲ್ ಇಡುವುದಲ್ಲವೇ ಫಾದರ್?” ಎಂದು ತಾಯಂದಿರು ಕೇಳುವುದುಂಟು. ಮೆಡಿಕಲ್ ಇಡುವುದೇ ಉದ್ದೇಶವಾಗಿದ್ದರೆ ಅದಕ್ಕೆ ಡಿ.ಫಾರ್ಮ್ ಸಾಕು. ಎರಡು ವರ್ಷಗಳ ಈ ಡಿಪ್ಲೊಮಾಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಂದಿಗೆ ಜೀವಶಾಸ್ತ್ರ ಅಥವಾ ಗಣಿತ ಓದಿರಬೇಕು. ಎರಡು ವರ್ಷಗಳ ಪಾಠ ಮುಗಿದ ಮೇಲೆ ಆಸ್ಪತ್ರೆಯಲ್ಲಿಯೋ ಮದ್ದಿನ ಅಂಗಡಿಯಲ್ಲಿಯೋ ಕನಿಷ್ಠ ಮೂರು ತಿಂಗಳಲ್ಲಿ 500 ಗಂಟೆಗಳ ತರಬೇತಿ ಪಡೆಯಬೇಕು. 2020ರಲ್ಲಿ ಹೊಸ ಶಿಕ್ಷಣ ನಿಯಮಗಳು ಬಂದ ಬಳಿಕ ಪಠ್ಯಕ್ರಮವೂ ಬದಲಾಗಿದೆ. ಹಿಂದೆ ಇಲ್ಲದ ಸಾಮಾಜಿಕ ಫಾರ್ಮಸಿಯಂತಹ ವಿಷಯಗಳು ಸೇರಿಕೊಂಡಿವೆ. ಡಿಪ್ಲೊಮಾ ಪಡೆದವರು ನೋಂದಣಿಗೆ ಮುನ್ನ ರಾಷ್ಟ್ರಮಟ್ಟದ ನಿರ್ಗಮನ ಪರೀಕ್ಷೆಯನ್ನೂ ಎದುರಿಸಬೇಕೆಂಬ ನಿಯಮ 2022ರಲ್ಲಿ ಬಂದಿತು. ಆದುದರಿಂದ “ಹೇಗಾದರೂ ಪಾಸು ಮಾಡಿಸುತ್ತೇವೆ” ಎನ್ನುವ ಕಾಲೇಜಿನ ಮಾತಿನಿಂದ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ ಡಿ.ಫಾರ್ಮ್ ಪರೀಕ್ಷೆಯನ್ನು ನಡೆಸುವುದು ವಿಶ್ವವಿದ್ಯಾನಿಲಯವಲ್ಲ, ಔಷಧ ನಿಯಂತ್ರಣ ಇಲಾಖೆಯ ಪರೀಕ್ಷಾ ಪ್ರಾಧಿಕಾರ ಮಂಡಳಿ ಎಂಬುದನ್ನೂ ಹೆತ್ತವರು ತಿಳಿದಿರಲಿ.

ಡಿಪ್ಲೊಮಾ ಎಂದರೆ ಕೀಳು ಎಂಬ ಭಾವನೆ ನಮ್ಮಲ್ಲಿದೆ. ಅದನ್ನು ನಾವು ಒಪ್ಪುವುದಿಲ್ಲ. ಬೆಳ್ಳಾರೆ, ಪಂಜ, ಗುತ್ತಿಗಾರು, ನೆಲ್ಯಾಡಿಯಂತಹ ಪೇಟೆಗಳಲ್ಲಿ ವೈದ್ಯರ ಚೀಟಿಯನ್ನು ಕೊನೆಯ ಬಾರಿಗೆ ಓದುವ ವ್ಯಕ್ತಿ ಮದ್ದಿನ ಅಂಗಡಿಯಲ್ಲಿ ನಿಂತಿರುವವರೇ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವ ಹಿರಿಯರೊಬ್ಬರು ಮಂಡಿನೋವಿಗೆಂದು ಡೈಕ್ಲೋಫಿನಾಕ್ ಮಾತ್ರೆ ಕೇಳಿದರೆ ಅದು ಹೊಟ್ಟೆಯೊಳಗೆ ರಕ್ತಸ್ರಾವಕ್ಕೆ ಕಾರಣವಾಗಬಹುದೆಂದು ತಡೆಯಬೇಕಾದವರು ಅವರು. ಜ್ವರಕ್ಕೆ ಪ್ಯಾರಸಿಟಮಾಲ್ ಕೊಟ್ಟು, ಶೀತಕ್ಕೆ ಕೊಡುವ ಮಾತ್ರೆಯೊಳಗೂ ಅದೇ ಪ್ಯಾರಸಿಟಮಾಲ್ ಇರುವುದನ್ನು ಗಮನಿಸಬೇಕಾದವರೂ ಅವರೇ. ಹತ್ತಿರದಲ್ಲಿ ತಜ್ಞ ವೈದ್ಯರಿಲ್ಲದ ಊರಿನಲ್ಲಿ ಇಂತಹ ಒಬ್ಬರು ಇದ್ದರೆ ಅದು ಊರಿನ ಭಾಗ್ಯ. ಸರಕಾರಿ ಆರೋಗ್ಯ ಕೇಂದ್ರಗಳ ಫಾರ್ಮಸಿ ಅಧಿಕಾರಿ ಹುದ್ದೆಗಳಿಗೂ ಈ ಡಿಪ್ಲೊಮಾ ಬಹುಕಾಲದಿಂದ ದಾರಿಯಾಗಿದೆ. ಮನೆಯ ಪರಿಸ್ಥಿತಿ ಬಿಗಿಯಾಗಿದ್ದು ಬೇಗನೆ ಸಂಪಾದನೆ ಆರಂಭವಾಗಬೇಕಿದ್ದರೆ ಇದೇ ವಿವೇಕದ ಆಯ್ಕೆ. ಮುಂದೆ ಓದುವ ಬಾಗಿಲೂ ಮುಚ್ಚುವುದಿಲ್ಲ, ಡಿ.ಫಾರ್ಮ್ ಮುಗಿಸಿದವರಿಗೆ ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶಕ್ಕೆ ಅವಕಾಶವಿದೆ.

ಬಿ.ಫಾರ್ಮ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್‌ಗಳ ಪದವಿ. ನಮ್ಮ ರಾಜ್ಯದಲ್ಲಿ ಇದರ ಸರಕಾರಿ ಸೀಟುಗಳು ಸಿಇಟಿ ಮೂಲಕ ಹಂಚಿಕೆಯಾಗುತ್ತವೆ, ನೀಟ್ ಬೇಕಿಲ್ಲ. ಗಣಿತ ಓದಿ ಜೀವಶಾಸ್ತ್ರ ಬಿಟ್ಟವರೂ ಸೇರಬಹುದು. ಅಂತಹವರಿಗೆ ಮೊದಲ ಸೆಮಿಸ್ಟರಿನಲ್ಲಿ ಪೂರಕ ಜೀವಶಾಸ್ತ್ರವನ್ನೂ, ಜೀವಶಾಸ್ತ್ರ ಓದಿ ಗಣಿತ ಬಿಟ್ಟವರಿಗೆ ಪೂರಕ ಗಣಿತವನ್ನೂ ಕಲಿಸುತ್ತಾರೆ. ಇದು ಬಹುಮಟ್ಟಿಗೆ ರಸಾಯನಶಾಸ್ತ್ರದ ಓದು ಎಂಬುದನ್ನು ನಾವು ಒತ್ತಿ ಹೇಳಬೇಕಾಗಿದೆ. ಪಿಯುಸಿಯಲ್ಲಿ ಸಾವಯವ ರಸಾಯನಶಾಸ್ತ್ರವೆಂದರೆ ಬೆಚ್ಚಿಬೀಳುತ್ತಿದ್ದ ಹುಡುಗನನ್ನು ವೈದ್ಯಕೀಯಕ್ಕೆ ಹತ್ತಿರದ ಕೋರ್ಸೆಂದು ಇಲ್ಲಿಗೆ ತಳ್ಳಿದರೆ ಅವನು ನಾಲ್ಕು ವರ್ಷ ಬಳಲುತ್ತಾನೆ.

ಈ ಪದವಿ ತೆರೆಯುವ ಬಾಗಿಲುಗಳು ಡಿಪ್ಲೊಮಾಕ್ಕಿಂತ ವಿಶಾಲವಾದುವು. ಔಷಧ ತಯಾರಿಕೆ, ಗುಣಮಟ್ಟದ ಪರೀಕ್ಷೆ, ಔಷಧಗಳ ಅಡ್ಡಪರಿಣಾಮಗಳ ನಿಗಾ, ಔಷಧ ಸಂಶೋಧನೆ ಇವೆಲ್ಲ ಪದವೀಧರರ ಕ್ಷೇತ್ರಗಳು. ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆಗೆ ಕಾನೂನಿನ ಪ್ರಕಾರ ಪದವಿಯೇ ಬೇಕು, ಡಿಪ್ಲೊಮಾ ಸಾಲದು. ಆದರೆ ಈ ಕೆಲಸಗಳು ಪುತ್ತೂರಿನಲ್ಲಿಯೂ ಇಲ್ಲ, ಸುಳ್ಯದಲ್ಲಿಯೂ ಇಲ್ಲ. ಅವು ಬೆಂಗಳೂರಿನಲ್ಲಿವೆ, ಹೈದರಾಬಾದಿನಲ್ಲಿವೆ, ನಂಜನಗೂಡಿನ ಕಾರ್ಖಾನೆಗಳಲ್ಲಿವೆ. ಆರಂಭದ ಸಂಬಳ ಬೆಂಗಳೂರಿನ ಬಾಡಿಗೆ ಕಳೆದರೆ ಬಹಳ ಉಳಿಯುವಂತಹದ್ದಲ್ಲ. ಮಗಳನ್ನು ದೂರ ಕಳುಹಿಸುವ ಮನಸ್ಸಿಲ್ಲದ ಹೆತ್ತವರು ಈ ವಿಷಯವನ್ನು ಸೇರಿಸುವ ಮೊದಲೇ ಯೋಚಿಸಲಿ. ಪದವಿ ಕೈಗೆ ಬಂದ ಮೇಲೆ ಅವಳನ್ನು ಮನೆಯಲ್ಲಿ ಕೂರಿಸುವುದು ನ್ಯಾಯವಲ್ಲ. ಸಂಶೋಧನೆ ಅಥವಾ ಬೋಧನೆಯ ಆಸೆಯಿದ್ದವರಿಗೆ ಎರಡು ವರ್ಷಗಳ ಎಂ.ಫಾರ್ಮ್ ಇದೆ. ಅದರ ಚಿಂತೆ ಈಗಲೇ ಬೇಡ.

ಮೂರನೆಯದು ಫಾರ್ಮ್.ಡಿ. ನಮ್ಮ ದೇಶದಲ್ಲಿ 2008ರಲ್ಲಿ ಆರಂಭವಾದ ಈ ಕೋರ್ಸು ಐದು ವರ್ಷ ಓದು ಮತ್ತು ಒಂದು ವರ್ಷ ಇಂಟರ್ನ್‌ಶಿಪ್ ಸೇರಿ ಒಟ್ಟು ಆರು ವರ್ಷಗಳದ್ದು. ಇಲ್ಲಿ ವಿದ್ಯಾರ್ಥಿಯು ಪ್ರಯೋಗಶಾಲೆಗಿಂತ ಹೆಚ್ಚಾಗಿ ಆಸ್ಪತ್ರೆಯ ವಾರ್ಡುಗಳಲ್ಲಿ, ವೈದ್ಯರ ಸುತ್ತಿನಲ್ಲಿ ಜೊತೆಗಿದ್ದು ರೋಗಿಗೆ ಕೊಡುವ ಮದ್ದುಗಳ ಪ್ರಮಾಣ, ಹೊಂದಾಣಿಕೆಗಳನ್ನು ಪರಿಶೀಲಿಸಲು ಕಲಿಯುತ್ತಾನೆ. ಅದಕ್ಕಾಗಿಯೇ ಕಾಲೇಜಿಗೆ ತನ್ನದೇ ಆದ ಅಥವಾ ಒಪ್ಪಂದ ಮಾಡಿಕೊಂಡ, ಕನಿಷ್ಠ 300 ಹಾಸಿಗೆಗಳ ಆಸ್ಪತ್ರೆಯಿರಬೇಕೆಂದು ನಿಯಮವಿದೆ. ಒಂದು ತಂಡಕ್ಕೆ 30 ಸೀಟು ಮಾತ್ರ. ಹೆಸರಿನಲ್ಲಿ ಡಾಕ್ಟರ್ ಎಂದಿರುವುದರಿಂದಲೇ ಕೆಲವರು ಇದರತ್ತ ಆಕರ್ಷಿತರಾಗುತ್ತಾರೆ. ಅವರಿಗೆ ನಾವು ಹೇಳುವುದಿಷ್ಟೇ: ಇದು ಎಂಬಿಬಿಎಸ್ ಅಲ್ಲ, ಇದನ್ನು ಓದಿದವರು ಸ್ವತಂತ್ರವಾಗಿ ರೋಗನಿರ್ಣಯ ಮಾಡಿ ಚೀಟಿ ಬರೆಯುವಂತಿಲ್ಲ. ನಮ್ಮ ದೇಶದ ಸಾಮಾನ್ಯ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂಬ ಹುದ್ದೆ ಇನ್ನೂ ವಿರಳ. ಕೈತಪ್ಪಿದ ವೈದ್ಯಕೀಯ ಸೀಟಿನ ದುಃಖವನ್ನು ಮರೆಸಲೆಂದು ಆರು ವರ್ಷಗಳ ಶುಲ್ಕ ತೆರುವುದು ಸರಿಯೇ ಎಂದು ಮನೆಯಲ್ಲಿ ಕುಳಿತು ಮಾತನಾಡಬೇಕು.

ಆದರೂ ಫಾರ್ಮ್.ಡಿ.ಗೆ ಒಂದು ನಿಜವಾದ ಉಪಯೋಗವಿದೆ. ಅದು ವಿದೇಶದ ಪ್ರಶ್ನೆಗೆ ಸಂಬಂಧಿಸಿದ್ದು. ಅಮೆರಿಕದಲ್ಲಿ ಫಾರ್ಮಸಿಸ್ಟ್ ಆಗಬಯಸುವ ಹೊರದೇಶದವರಿಗಾಗಿ ಇರುವ ಅರ್ಹತಾ ವ್ಯವಸ್ಥೆಯು 2003ರ ಜನವರಿ 1ರಿಂದೀಚೆಗೆ ಪದವಿ ಪಡೆದವರಲ್ಲಿ ಕನಿಷ್ಠ ಐದು ವರ್ಷಗಳ ಫಾರ್ಮಸಿ ವ್ಯಾಸಂಗವನ್ನು ಅಪೇಕ್ಷಿಸುತ್ತದೆ. ನಮ್ಮ ನಾಲ್ಕು ವರ್ಷಗಳ ಬಿ.ಫಾರ್ಮ್ ಅಲ್ಲಿಗೆ ಸಾಲದೆ ಹೋಗುವುದು ಇದೇ ಕಾರಣದಿಂದ. ಕೆನಡಾದ ಕ್ರಮ ಬೇರೆ; ಅಲ್ಲಿ ದಾಖಲೆಗಳ ಪರಿಶೀಲನೆ, ಆಮೇಲೆ ಹಂತಹಂತವಾಗಿ ಪರೀಕ್ಷೆಗಳು. ನಮ್ಮವರು ಹೆಚ್ಚಾಗಿ ಹೋಗುವ ಕೊಲ್ಲಿ ರಾಷ್ಟ್ರಗಳಲ್ಲಿ ಪದವಿಯ ಸಾಚಾತನದ ತಪಾಸಣೆ, ಕೆಲಸದ ಅನುಭವ ಮತ್ತು ಪರವಾನಿಗೆ ಪರೀಕ್ಷೆ ಈ ಮೂರೂ ಇರುತ್ತವೆ. ಪದವೀಧರರಿಗೆ ಫಾರ್ಮಸಿಸ್ಟ್ ಪರವಾನಿಗೆ ದೊರೆಯುವಲ್ಲಿ ಡಿಪ್ಲೊಮಾದವರಿಗೆ ಸಾಮಾನ್ಯವಾಗಿ ಸಹಾಯಕ ಅಥವಾ ಟೆಕ್ನಿಶಿಯನ್ ಸ್ಥಾನ. ದುಬೈಯಲ್ಲಿರುವ ಮಾವ “ಡಿಪ್ಲೊಮಾ ಸಾಕು, ಇಲ್ಲಿ ನಾನು ನೋಡಿಕೊಳ್ಳುತ್ತೇನೆ” ಎಂದರೆ ಅವರ ಪ್ರೀತಿಯನ್ನು ಸ್ವೀಕರಿಸೋಣ, ಪರವಾನಿಗೆಯ ನಿಯಮವನ್ನು ಮಾತ್ರ ಬೇರೆಯಾಗಿ ವಿಚಾರಿಸೋಣ.

ಇನ್ನು ಕಾಲೇಜಿನ ವಿಷಯ. ಇಲ್ಲಿ ನಾವು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ನಮ್ಮ ಕುಟುಂಬಗಳು ಎಡವುವುದು ಇಲ್ಲಿಯೇ.

1948ರ ಫಾರ್ಮಸಿ ಅಧಿನಿಯಮದ 12ನೆಯ ಕಲಂ ಪ್ರಕಾರ ಕೋರ್ಸಿಗೂ ಅದರ ಪರೀಕ್ಷೆಗೂ ಭಾರತೀಯ ಫಾರ್ಮಸಿ ಪರಿಷತ್ತಿನ ಅನುಮೋದನೆ ಬೇಕು. ಈ ಅನುಮೋದನೆಯಿಲ್ಲದ ಕಡೆ ಎಷ್ಟೇ ಚೆನ್ನಾಗಿ ಓದಿದರೂ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲಾಗದು. ನೋಂದಣಿಯಿಲ್ಲದವರು ಫಾರ್ಮಸಿಸ್ಟ್ ಅಲ್ಲ. ಅಂಗಡಿಯಲ್ಲಿ ನಿಂತು ವೈದ್ಯರ ಚೀಟಿಗೆ ಮದ್ದು ಕೊಡುವ ಹಕ್ಕು ಅವರಿಗಿಲ್ಲ. ಅಂದರೆ ಗೋಡೆಗೆ ತೂಗುಹಾಕಲು ಪ್ರಮಾಣಪತ್ರವೊಂದು ಉಳಿಯಬಹುದು, ಜೀವನೋಪಾಯ ಉಳಿಯುವುದಿಲ್ಲ.

2019ರ ಜುಲೈಯಲ್ಲಿ ಈ ಪರಿಷತ್ತು, ಫಾರ್ಮಸಿ ಕಾಲೇಜುಗಳು ಅಣಬೆಗಳಂತೆ ಹೆಚ್ಚುತ್ತಿವೆಯೆಂದು, 2020–21ರಿಂದ ಐದು ವರ್ಷಗಳ ಕಾಲ ಹೊಸ ಡಿಪ್ಲೊಮಾ ಹಾಗೂ ಪದವಿ ಕಾಲೇಜುಗಳಿಗೆ ತಡೆ ವಿಧಿಸಿತು. ಸರಕಾರಿ ಸಂಸ್ಥೆಗಳಿಗೂ ಕಾಲೇಜುಗಳು ಕಡಿಮೆಯಿರುವ ರಾಜ್ಯಗಳಿಗೂ ಬಳಿಕ ವಿನಾಯಿತಿ ಕೊಡಲಾಯಿತು. ಈ ತಡೆಯನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಿದವರಲ್ಲಿ ನಮ್ಮ ನೆರೆಯ ಹಾಸನದ ರಾಜೀವ್ ಫಾರ್ಮಸಿ ಕಾಲೇಜೂ ಇತ್ತು. ಸುಪ್ರೀಂ ಕೋರ್ಟಿನ ತೀರ್ಪು ಇಂದು ಅದರ ಹೆಸರಿನಲ್ಲಿಯೇ ಉಲ್ಲೇಖವಾಗುತ್ತದೆ. 2022ರ ಸೆಪ್ಟೆಂಬರ್ 15ರಂದು ಕೋರ್ಟು ಆ ತಡೆಯನ್ನು ಊರ್ಜಿತವಲ್ಲವೆಂದಿತು. ಇಂತಹ ನಿರ್ಬಂಧವನ್ನು ವಿಧಿವತ್ತಾದ ನಿಯಮಾವಳಿಯ ಮೂಲಕ ತರಬೇಕೇ ಹೊರತು ಬರಿಯ ಆಡಳಿತಾತ್ಮಕ ನಿರ್ಣಯದಿಂದ ಅಲ್ಲ ಎಂಬುದು ಅದರ ಕಾರಣ. ಕಾಲೇಜುಗಳ ಮಿತಿಮೀರಿದ ಬೆಳವಣಿಗೆಯನ್ನು ತಡೆಯುವ ಅಗತ್ಯ ಇರಬಹುದೆಂಬುದನ್ನೂ ನ್ಯಾಯಾಲಯ ಅಲ್ಲಗಳೆಯಲಿಲ್ಲ. ಏನೇ ಇರಲಿ, ಬಾಗಿಲು ಮತ್ತೆ ತೆರೆಯಿತು. ಹೊಸ ಕಾಲೇಜೆಲ್ಲ ಕಳಪೆಯೆಂದು ನಾವು ಹೇಳುವುದಿಲ್ಲ. ಆದರೆ ಮೊದಲ ತಂಡವೇ ಇನ್ನೂ ಹೊರಬರದ ಕಾಲೇಜಿನಲ್ಲಿ ನೋಂದಣಿಗೆ ಅಗತ್ಯವಾದ ಅನುಮೋದನೆ ಯಾವ ಹಂತದಲ್ಲಿದೆ ಎಂದು ಕೇಳುವುದು ಹೆತ್ತವರ ಹಕ್ಕು.

ಕೇಳುವುದು ಹೇಗೆ? “ಪಿಸಿಐ ಮಾನ್ಯತೆ ಇದೆಯೇ” ಎಂದರೆ ಎಲ್ಲರೂ ಇದೆಯೆನ್ನುತ್ತಾರೆ. ಒಂದೇ ಆವರಣದಲ್ಲಿ ಬಿ.ಫಾರ್ಮ್‌ಗೆ ಅನುಮೋದನೆಯಿದ್ದು ಫಾರ್ಮ್.ಡಿ.ಗೆ ಇಲ್ಲದಿರಬಹುದು. ಈ ವರ್ಷ, ಈ ಕೋರ್ಸಿಗೆ, ಎಷ್ಟು ಸೀಟುಗಳಿಗೆ ಅನುಮೋದನೆ ಎಂದು ಬಿಡಿಸಿ ಕೇಳಿ, ಪತ್ರವನ್ನು ಕಣ್ಣಾರೆ ನೋಡಬೇಕು. ಪರಿಷತ್ತಿನ ಜಾಲತಾಣದಲ್ಲಿ ಅನುಮೋದಿತ ಸಂಸ್ಥೆಗಳ ಪಟ್ಟಿಯಿದೆ. ಅದರಲ್ಲಿ ಹೆಸರು, ಊರು, ಕೋರ್ಸು ಮೂರನ್ನೂ ತಾಳೆನೋಡುವುದು ಕಾಲು ಗಂಟೆಯ ಕೆಲಸ. ಕೆಲವರು ಎಐಸಿಟಿಇ ಹಳೆಯ ಪತ್ರವನ್ನು ತೋರಿಸುವುದುಂಟು. ಫಾರ್ಮಸಿ ಶಿಕ್ಷಣದಲ್ಲಿ ಅಂತಿಮ ಅಧಿಕಾರ ಫಾರ್ಮಸಿ ಪರಿಷತ್ತಿನದೇ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿಯೇ ತೀರ್ಪಿತ್ತಿರುವುದರಿಂದ ಆ ಪತ್ರ ಸಾಲದು. ಇನ್ನು “ಹೊರರಾಜ್ಯದಲ್ಲಿ ಸೇರಿಸಿ, ತರಗತಿಗೆ ಹೋಗಬೇಕಿಲ್ಲ, ಪರೀಕ್ಷೆಗೆ ಮಾತ್ರ ಹೋದರಾಯಿತು” ಎನ್ನುವವರನ್ನು ಚಾವಡಿಯಿಂದಲೇ ಬೀಳ್ಕೊಡಬೇಕು. ಡಿ.ಫಾರ್ಮ್‌ಗೆ ಶೇಕಡಾ 75, ಬಿ.ಫಾರ್ಮ್‌ಗೆ ಶೇಕಡಾ 80 ಹಾಜರಾತಿ ಕಡ್ಡಾಯವಾಗಿದ್ದು, ಅಂಚೆಯ ಮೂಲಕ ಕಲಿಯುವ ವಿದ್ಯೆ ಇದಲ್ಲ.

ನಮ್ಮ ಭಾಗದವರಿಗೆ ದೂರವೇನೂ ಅಡ್ಡಿಯಲ್ಲ. ದೇರಳಕಟ್ಟೆಯ ನಿಟ್ಟೆ ಗುಲಾಬಿ ಶೆಟ್ಟಿ ಸ್ಮಾರಕ ಸಂಸ್ಥೆ 1982ರಿಂದ ಇದೆ. ಪುತ್ತೂರಿನಿಂದ ಮಂಗಳೂರಿಗೆ ಹೋಗುವ ಬಸ್ಸು ವಳಚ್ಚಿಲ್‌ನ ಶ್ರೀನಿವಾಸ ಕಾಲೇಜಿನ ಮುಂದೆಯೇ ಸಾಗುತ್ತದೆ. ಯೆನೆಪೊಯ ಸಂಸ್ಥೆಯ ಕಾಲೇಜು ನರಿಂಗಾನದಲ್ಲಿದೆ. ಮಣಿಪಾಲದ ಕಾಲೇಜು 1963ರಷ್ಟು ಹಳೆಯದು. ಮೈಸೂರಿನ ಜೆಎಸ್ಎಸ್ ಕಾಲೇಜು 1973ರದ್ದು, ಸುಳ್ಯದವರಿಗೆ ಮಡಿಕೇರಿಯ ದಾರಿಯಾಗಿ ನೇರ ಬಸ್ಸೂ ಇದೆ. ಡೀಮ್ಡ್ ವಿಶ್ವವಿದ್ಯಾನಿಲಯಗಳ ಪ್ರವೇಶ ಕ್ರಮವೂ ಶುಲ್ಕವೂ ಬೇರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳದು ಬೇರೆ. ಬೆಂಗಳೂರಿನ ಸರಕಾರಿ ಫಾರ್ಮಸಿ ಕಾಲೇಜನ್ನು ನಮ್ಮವರು ನೆನಪಿಸಿಕೊಳ್ಳುವುದೇ ಅಪರೂಪ. ಒಳ್ಳೆಯ ರ‍್ಯಾಂಕ್ ಬಂದ ಬಡ ವಿದ್ಯಾರ್ಥಿಯ ಆಯ್ಕೆಪಟ್ಟಿಯಲ್ಲಿ ಅದು ಮೊದಲ ಸಾಲಿನಲ್ಲಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಕಾಲೇಜನ್ನು ನೋಡಲು ಹೋಗುವಾಗ ಭಾನುವಾರ ಹೋಗಬೇಡಿ. ಪ್ರಾಯೋಗಿಕ ತರಗತಿ ನಡೆಯುವ ದಿನ ಹೋಗಿ, ಪ್ರಯೋಗಶಾಲೆಯ ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ. ಉಪಕರಣಗಳ ಮೇಲೆ ಧೂಳಿದೆಯೇ, ಮಕ್ಕಳ ಕೈ ಅದರ ಮೇಲೆ ಓಡಾಡುತ್ತಿದೆಯೇ ಎಂಬುದು ತಾನಾಗಿ ಕಾಣುತ್ತದೆ. ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತನಾಡಿಸಿದರೆ ಪ್ರಾಂಶುಪಾಲರು ಹೇಳದ ಸಂಗತಿಗಳು ತಿಳಿಯುತ್ತವೆ. ಆಸ್ಪತ್ರೆ ತರಬೇತಿ ಎಲ್ಲಿ, ಅದಕ್ಕೆ ಪ್ರತ್ಯೇಕ ಶುಲ್ಕವಿದೆಯೇ, ಹಾಸ್ಟೆಲು, ಪರೀಕ್ಷೆ, ಸಮವಸ್ತ್ರ ಎಲ್ಲ ಸೇರಿ ಕೊನೆಯ ವರ್ಷದವರೆಗೆ ಎಷ್ಟಾಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಮೂಲ ಅಂಕಪಟ್ಟಿಗಳನ್ನು ಏಜೆಂಟರ ಕೈಗೆ ಕೊಡಲೇಬೇಡಿ. ಮನಸ್ಸು ಬದಲಾದಾಗ ಅವನ್ನು ಹಿಂದೆ ಪಡೆಯಲು ಅಲೆದಾಡಿದ ಕುಟುಂಬಗಳನ್ನು ನಾವು ಬಲ್ಲೆವು.

ಇನ್ನೊಂದು ವಿಷಯವನ್ನು ಬರೆಯಲು ಸ್ವಲ್ಪ ಸಂಕೋಚ, ಆದರೂ ಬರೆಯದೆ ಬಿಡಲಾಗದು. ಚಿಲ್ಲರೆ ಮದ್ದಿನ ಅಂಗಡಿಯ ಪರವಾನಿಗೆಗೆ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರ ಹೆಸರು ಬೇಕು. ಹೀಗಾಗಿ ಪ್ರಮಾಣಪತ್ರವನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ತಾವು ಬೇರೆಲ್ಲೋ ದುಡಿಯುವವರು, ಮನೆಯಲ್ಲಿಯೇ ಇದ್ದು ತಿಂಗಳಿಗೆ ಇಷ್ಟೆಂದು ಪಡೆಯುವವರು ದೇಶದೆಲ್ಲೆಡೆ ಇದ್ದಾರೆ. ನಮ್ಮವರಲ್ಲಿ ಇಲ್ಲವೆಂದು ಹೇಳಲಾರೆವು. “ಓದಿ ಮುಗಿಸಿದರೆ ಸರ್ಟಿಫಿಕೇಟೇ ದುಡಿಯುತ್ತದೆ” ಎಂದು ಇದನ್ನೊಂದು ಅನುಕೂಲವಾಗಿ ಹೇಳಿ ಮಕ್ಕಳನ್ನು ಸೇರಿಸುವವರೂ ಉಂಟು. ನೋಂದಾಯಿತರಲ್ಲದವರು ಮದ್ದು ಕೊಡುವುದಕ್ಕೆ ಕಾನೂನಿನಲ್ಲಿ ಜೈಲು ಮತ್ತು ದಂಡದ ಶಿಕ್ಷೆಯಿದೆ. ಹೆಸರು ಕೊಟ್ಟವರ ನೋಂದಣಿಗೂ ಕುತ್ತು ಬರಬಹುದು. ಕಾನೂನಿನ ಮಾತು ಹಾಗಿರಲಿ. ಮೇಲೆ ಹೇಳಿದ ವಾರ್ಫರಿನ್ ಸೇವಿಸುವ ಹಿರಿಯರು ಅಂಗಡಿಗೆ ಬಂದಾಗ ಗೋಡೆಯ ಮೇಲಿನ ಪ್ರಮಾಣಪತ್ರ ಅವರನ್ನು ತಡೆಯುವುದಿಲ್ಲ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್‌ರವರು ಬಡವರಿಗೆ ಹೋಮಿಯೋಪತಿ ಮದ್ದು ಹಂಚುವ ಕಾರ್ಯವನ್ನಾರಂಭಿಸಿದ ಕರಾವಳಿ ಇದು. ಇಲ್ಲಿಯ ಕುಟುಂಬಗಳಿಗೆ ಈ ಬಾಡಿಗೆಯ ಹಣ ಒಪ್ಪುವಂತಹದ್ದಲ್ಲ. (ಹೋಮಿಯೋಪತಿ ಔಷಧ ವಿತರಣೆಯ ವ್ಯಾಸಂಗ ಬೇರೆಯೇ ಇದೆ, ನಾವು ಇಲ್ಲಿ ಬರೆದಿರುವ ಕೋರ್ಸುಗಳು ಅಲೋಪತಿಗೆ ಸಂಬಂಧಿಸಿದವು.)

ಹಣದ ವಿಷಯದಲ್ಲಿ ನಮ್ಮವರು ತಿಳಿಯದೆ ಬಿಟ್ಟುಕೊಡುವ ಸೌಲಭ್ಯಗಳಿವೆ. ರಾಜ್ಯದ ಮೀಸಲಾತಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದ ಕುಟುಂಬಗಳು ಪ್ರವರ್ಗ 1ರಲ್ಲಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇದೆ. ಕಡಬದ ಒಳಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಗೆ ಇವೆರಡೂ ಒದಗಬಹುದು. ಗಡಿಯಾಚೆ ಕಾಸರಗೋಡು ಜಿಲ್ಲೆಯಲ್ಲಿರುವ ಬಂಧುಗಳ ಮಕ್ಕಳಿಗೆ ಗಡಿನಾಡ ಕನ್ನಡಿಗರ ನೆಲೆಯಲ್ಲಿ ಅವಕಾಶವಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು.

ಇವೆಲ್ಲಕ್ಕೂ ಬೇಕಾದುದು ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರ. ಅದಕ್ಕೆ ಕಲಿತ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕಾಗುತ್ತದೆ. ಬೇಸಗೆ ರಜೆ ಆರಂಭವಾದರೆ ಶಾಲೆಗೆ ಬೀಗ. ಮುಖ್ಯೋಪಾಧ್ಯಾಯರು ಊರಿಗೆ ಹೋಗಿರುತ್ತಾರೆ. ನಾಲ್ಕನೆಯವರೆಗೆ ಒಂದು ಶಾಲೆ, ಏಳನೆಯವರೆಗೆ ಇನ್ನೊಂದು, ಹೈಸ್ಕೂಲು ಮತ್ತೊಂದು ಆಗಿದ್ದರೆ ಮೂರು ಕಡೆ ಅಲೆಯಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಯಬೇಕು. ಈ ವರ್ಷ ದ್ವಿತೀಯ ಪಿಯುಸಿಯಲ್ಲಿರುವ ಮಕ್ಕಳ ಹೆತ್ತವರು ಈ ಓಡಾಟವನ್ನು ಫೆಬ್ರವರಿಯೊಳಗೆ ಮುಗಿಸಿಟ್ಟುಕೊಳ್ಳುವುದು ಲೇಸು.